ಆಟಗಾರ ನಂಬುವ ಸುಳ್ಳು

ಗುಂಡೇಟು ತಿಂದವನು ಬ್ಯಾಂಡೇಜ್ ಸುತ್ತಿ, ಎನರ್ಜಿ ಡ್ರಿಂಕ್ ಕುಡಿದು ಮತ್ತೆ ಎದ್ದು ಓಡುತ್ತಾನೆ. ಬಿಜಿಎಂಐ ಎಂಬ ಮೊಬೈಲ್ ಗೇಮ್ ಆಡುವ ಯಾವ ಹುಡುಗನೂ ಇದಕ್ಕೆ ತಕರಾರು ತೆಗೆಯುವುದಿಲ್ಲ. ತಾನು ಗುರಿಯಿಟ್ಟು ಹೊಡೆದ ಗುಂಡು ಎದುರಾಳಿಗೆ ತಾಗದಿದ್ದರೆ ಮಾತ್ರ ಮನೆ ಅದುರುವಂತೆ ಕೂಗಾಡುತ್ತಾನೆ.

ವಿಡಿಯೊ ಗೇಮ್ ವಿನ್ಯಾಸಕರಿಗೆ ಈ ವಿಚಿತ್ರ ನ್ಯಾಯ ಮೊದಲಿನಿಂದಲೂ ಗೊತ್ತು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಮಾರಿಯೊ ನೆಗೆದ ಮೇಲೂ ಗಾಳಿಯಲ್ಲೇ ದಿಕ್ಕು ಬದಲಿಸುತ್ತಾನೆ. 2018ರ ‘ಸೆಲೆಸ್ಟ್’ನಲ್ಲಿ ಬಂಡೆಯ ಅಂಚು ದಾಟಿ ಕಾಲ ಕೆಳಗೆ ನೆಲವೇ ಇಲ್ಲದಾಗಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ನೆಗೆಯಬಹುದು. ಈ ರಿಯಾಯಿತಿಗೆ ‘ಕಯೋಟಿ ಟೈಮ್’ ಎನ್ನುತ್ತಾರೆ. ಇದಿಲ್ಲದಿದ್ದರೆ, ಬಟನ್ ಸರಿಯಾದ ಹೊತ್ತಿಗೇ ಒತ್ತಿದ್ದೆ ಎಂದು ಆಟಗಾರ ಆಣೆ ಮಾಡಿ ಹೇಳುತ್ತಾನೆ.

‘ಸಿವಿಲೈಸೇಷನ್’ ಸರಣಿಯ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಹೇಳಿದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ನಮ್ಮ ಸೈನ್ಯದ ಬಲ ಮೂರು, ಶತ್ರುವಿನದು ಒಂದು ಎನ್ನಿ. ಲೆಕ್ಕದ ಪ್ರಕಾರ ಸರಾಸರಿ ನಾಲ್ಕು ಕಾಳಗಕ್ಕೊಂದು ಸೋಲಬೇಕು. ಆಟಗಾರರು ಒಪ್ಪಲಿಲ್ಲ, ಮೂರು ದೊಡ್ಡದು, ಒಂದು ಚಿಕ್ಕದು, ಸೋಲುವುದೆಂದರೇನು ಎಂಬುದು ಅವರ ವಾದ. ಅದೇ ಜನ ಒಂದರ ಬಲದಲ್ಲಿ ಮೂರರ ಎದುರು ಗೆದ್ದಾಗ ಪಿಟ್ಟೆನ್ನಲಿಲ್ಲ. ಅದು ಅವರ ಜಾಣ್ಮೆಯಂತೆ! ಎರಡಕ್ಕೆ ಒಂದಿದ್ದಾಗ ಸೋತರೆ ಸಹಿಸಿದವರು, ಇಪ್ಪತ್ತಕ್ಕೆ ಹತ್ತಿದ್ದಾಗ ಸೋತರೆ ಸಿಟ್ಟಾದರು. ಅನುಪಾತ ಒಂದೇ, ಆದರೆ ಹತ್ತರ ಅಂತರ ಅವರ ಕಣ್ಣಿಗೆ ಬಲು ದೊಡ್ಡದಾಗಿ ಕಂಡಿತ್ತು. ಕೊನೆಗೆ ತಿದ್ದಿದ್ದು ಆಟಗಾರನನ್ನಲ್ಲ, ಗಣಿತವನ್ನು.

ಮೈಯರ್ ಅವರ ಫಿರಾಕ್ಸಿಸ್ ಸಂಸ್ಥೆಯದೇ ಆದ ‘ಎಕ್ಸ್‌ಕಾಮ್ 2’ (2016) ಇನ್ನೂ ಒಂದು ಹೆಜ್ಜೆ ಮುಂದೆ. ಸುಲಭ ಹಂತಗಳಲ್ಲಿ ಗುರಿ ತಾಗುವ ಸಾಧ್ಯತೆ ತೆರೆಯ ಮೇಲೆ ಕಾಣುವುದಕ್ಕಿಂತ ಹೆಚ್ಚಿರುತ್ತದೆ. ಗುರಿ ಮೇಲಿಂದ ಮೇಲೆ ತಪ್ಪಿದರೆ ಗುಟ್ಟಾಗಿ ಮತ್ತಷ್ಟು ಏರುತ್ತದೆ. ನಿಜವಾದ ಸಂಖ್ಯೆ ತೋರಿಸಿದ್ದರೆ ಆಟ ಮೋಸದ್ದು ಎನಿಸುತ್ತಿತ್ತು. ಸುಳ್ಳು ಸಂಖ್ಯೆ ತೋರಿಸಿದ್ದಕ್ಕೇ ಪ್ರಾಮಾಣಿಕ ಎನಿಸಿತು.

ಹಾಗೆಂದು ವಾಸ್ತವಕ್ಕೆ ಬೆಲೆಯೇ ಇಲ್ಲವೆಂದಲ್ಲ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ನಾಯಕನ ಗಡ್ಡ ದಿನ ಕಳೆದಂತೆ ಬೆಳೆಯುತ್ತದೆ, ಬಂದೂಕನ್ನು ಆಗಾಗ ಒರೆಸಿ ಎಣ್ಣೆ ಹಚ್ಚಬೇಕು. ಮೊದಲ ಸಲ ಬೇಟೆಯ ಚರ್ಮ ಸುಲಿಯುವಾಗ ಮೈ ಜುಮ್ಮೆನ್ನುತ್ತದೆ. ಐವತ್ತನೆಯ ಸಲ ಅದು ಬರೀ ಕೂಲಿ ಕೆಲಸ.

ಆಡುವವನ ಖುಷಿಗಾಗಿ ಲೆಕ್ಕ ತಿರುಚುವುದಕ್ಕೆ ನನ್ನ ತಕರಾರಿಲ್ಲ. ಆದರೆ ದುಡ್ಡು ಕಟ್ಟಿ ಆಡುವ ಆಟದಲ್ಲಿ ತೆರೆಯ ಮೇಲೊಂದು ಸಂಖ್ಯೆ, ಒಳಗೊಂದು ಸಂಖ್ಯೆ ಇದ್ದರೆ ಅದು ವಿನ್ಯಾಸವಲ್ಲ, ವಂಚನೆ.