ಮಿಠಾಯಿ ಬಟ್ಟಲು, ವೈನ್ ಗ್ಲಾಸು: ಒಂದು ಹಳೆಯ ಜೋಡಿಯ ಕಥೆ

ಅಕ್ಟೋಬರ್ 31ರ ಹ್ಯಾಲೊವೀನ್ ಹತ್ತಿರ ಬಂತೆಂದರೆ ಅಮೆರಿಕದ ಪತ್ರಿಕೆಗಳ ಆಹಾರ ಪುಟಗಳಲ್ಲಿ, ವೈನ್ ಅಂಗಡಿಗಳ ಫಲಕಗಳಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಕಡಲೆಕಾಯಿ ಬೆಣ್ಣೆ ತುಂಬಿದ ಚಾಕೊಲೇಟಿಗೆ ಯಾವ ವೈನ್, ಕ್ಯಾರಮೆಲಿಗೆ ಯಾವುದು, ಮೂರು ಬಣ್ಣದ ಕ್ಯಾಂಡಿ ಕಾರ್ನಿಗೆ ಯಾವುದು ಎಂದು ದೊಡ್ಡವರಿಗೆ ತಿಳಿಸುವ ಪಟ್ಟಿ ಅದು. ಮಕ್ಕಳು ಮನೆಮನೆ ಸುತ್ತಿ ತಂದ ಮಿಠಾಯಿಯಲ್ಲಿ ಮಿಕ್ಕಿದ್ದು ಅಪ್ಪ ಅಮ್ಮನ ಪಾಲಿಗೆ ಬರುತ್ತದಲ್ಲ, ಆ ಹೊತ್ತಿಗೆಂದು ಕೊಡುವ ಸಲಹೆ. ಇದನ್ನು ಈಗಿನ ಕಾಲದ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಚರಿತ್ರೆ ಹೇಳುವುದೇ ಬೇರೆ. ಯುರೋಪಿನಲ್ಲಿ ವೈನ್ ಮತ್ತು ಮಿಠಾಯಿ ಶತಮಾನಗಳ ಕಾಲ ಜೊತೆಯಾಗಿದ್ದವು. ದೂರವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಇಂದು ಇವೆರಡನ್ನೂ ಒಟ್ಟಿಗೆ ಇಟ್ಟಾಗ ಎಷ್ಟೋ ಸಲ ನಾಲಿಗೆಗೆ ಒಗ್ಗದಿರುವುದಕ್ಕೂ ಆ ಅಗಲಿಕೆಯೇ ಕಾರಣ.

ಮಧ್ಯಯುಗದ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಔತಣ ಮುಗಿದು ಮೇಜು ತೆರವಾದ ಮೇಲೆ ಅತಿಥಿಗಳ ಕೈಗೆ ಎರಡು ವಸ್ತು ಬರುತ್ತಿದ್ದವು. ಒಂದು, ದಾಲ್ಚಿನ್ನಿ, ಶುಂಠಿ, ಸಕ್ಕರೆ ಹಾಕಿ ಸೋಸಿದ ಹಿಪೊಕ್ರಾಸ್ ಎಂಬ ಮಸಾಲೆ ವೈನ್. ಅದನ್ನು ಮಾಡುವ ಬಗೆಯನ್ನು 1393ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಬರೆದ ‘ಲ ಮೆನಾಜಿಯೆ ದ ಪಾರಿ’ ಎಂಬ ಗೃಹಕೃತ್ಯದ ಕೈಪಿಡಿ ಹೇಳುತ್ತದೆ. ಇನ್ನೊಂದು, ಸೋಂಪು, ಕೊತ್ತಂಬರಿ ಮುಂತಾದ ಬೀಜಗಳಿಗೆ ಸಕ್ಕರೆ ಹೊದಿಸಿದ ಮಿಠಾಯಿ. ಕೆಂಡದ ಮೇಲಿನ ಅಗಲ ಪಾತ್ರೆಗೆ ಬೀಜ ಸುರಿದು, ಪಾಕವನ್ನು ಸ್ವಲ್ಪಸ್ವಲ್ಪವೇ ಹಾಕಿ ಕೈಯಾಡಿಸುತ್ತ, ಒಂದು ಪದರ ಒಣಗಿದ ಮೇಲೆ ಮತ್ತೊಂದು ಪದರ ಕೂರಿಸುತ್ತಿದ್ದರು. ಸಂಕ್ರಾಂತಿಗೆ ನಮ್ಮಲ್ಲಿ ಕುಸುರೆಳ್ಳು ಮಾಡುವುದೂ ಹೀಗೆಯೇ. ಆಗ ಸಕ್ಕರೆ ಔಷಧ ಮಾರುವವರ ಬಳಿ ಸಿಗುವ ದುಬಾರಿ ಸರಕು. ಸಕ್ಕರೆ, ಮಸಾಲೆಗಳು ಹೊಟ್ಟೆಯನ್ನು ಬೆಚ್ಚಗಿಟ್ಟು ಜೀರ್ಣಕ್ಕೆ ನೆರವಾಗುತ್ತವೆ ಎಂಬ ನಂಬಿಕೆಯೂ ಇತ್ತು. ಹೀಗಾಗಿ ಮಿಠಾಯಿ ದೊಡ್ಡವರ ತಿನಿಸಾಗಿತ್ತು, ಅದರ ಪಕ್ಕದ ವೈನೂ ಸಿಹಿಯಾಗಿಯೇ ಇತ್ತು.

ಈ ಜೋಡಿಯನ್ನು ಒಡೆದದ್ದು ಸಕ್ಕರೆಯ ಅಗ್ಗದ ಬೆಲೆ. ಮೊದಲು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ, ಆಮೇಲೆ ಯುರೋಪಿನಲ್ಲೇ ಬೆಳೆದ ಬೀಟ್ ಗಡ್ಡೆಯಿಂದ ಸಕ್ಕರೆ ಹೇರಳವಾಗಿ ಬಂತು. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅದೇ 1874ರ ದ್ರಾಕ್ಷಿ ಫಸಲಿನಿಂದ ಫ್ರಾನ್ಸಿನ ಶಾಂಪೇನ್ ತಯಾರಕಿ ಮದಾಂ ಪೊಮ್ಮರಿ ಬ್ರಿಟಿಷ್ ಗ್ರಾಹಕರಿಗೆಂದು ಸಿಹಿ ತೀರಾ ಕಡಿಮೆಯಿದ್ದ ಶಾಂಪೇನ್ ಮಾಡಿಸಿದರು. ಅಲ್ಲಿಯವರೆಗೆ ಶಾಂಪೇನ್ ಬಹುಮಟ್ಟಿಗೆ ಸಿಹಿ ಪಾನೀಯವೇ ಆಗಿತ್ತು. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು, ಆದರೆ ಎರಡೂ ಒಂದೇ ದಿಕ್ಕು ತೋರಿಸುತ್ತವೆ. ಬಡವರ ಮಕ್ಕಳ ಕೈಗೂ ಎಟುಕಿದ ಮೇಲೆ ಸಕ್ಕರೆ ಸಿರಿವಂತಿಕೆಯ ಗುರುತಾಗಿ ಉಳಿಯಲಿಲ್ಲ. ಮಿಠಾಯಿ ಪುಡಿಗಾಸಿಗೆ ಸಿಗುವ ಮಕ್ಕಳ ತಿನಿಸಾಯಿತು, ಸಿಹಿಯಿಲ್ಲದ ಡ್ರೈ ವೈನ್ ಬಲ್ಲವರ ಪಾನೀಯವಾಯಿತು.

ಅಮೆರಿಕದಲ್ಲಿ ಈ ಅಂತರ ಇನ್ನಷ್ಟು ಹಿಗ್ಗಿತು. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧವಿತ್ತು. ಇಂದಿನ ಹ್ಯಾಲೊವೀನ್ ಬುಟ್ಟಿಯ ಹಲವು ಹೆಸರಾಂತ ಮಿಠಾಯಿಗಳು ಹುಟ್ಟಿದ್ದು ಅದೇ ವರ್ಷಗಳಲ್ಲಿ: 1923ರಲ್ಲಿ ಮಿಲ್ಕಿ ವೇ, 1928ರಲ್ಲಿ ರೀಸಸ್, 1930ರಲ್ಲಿ ಸ್ನಿಕರ್ಸ್. ನಿಷೇಧ ತೆರವಾದ ಮೇಲೆ 1960ರ ದಶಕದ ಕೊನೆಯವರೆಗೂ ಅಲ್ಲಿ ಹೆಚ್ಚು ಮಾರಾಟವಾಗುತ್ತಿದ್ದುದು ಬ್ರಾಂದಿ ಬೆರೆಸಿದ ಸಿಹಿ ವೈನ್. ಅಗ್ಗಕ್ಕೆ ಅಮಲೇರಿಸುವ ಸರಕೆಂಬ ಕೆಟ್ಟ ಹೆಸರೂ ಅದಕ್ಕೇ ಅಂಟಿತು. 1976ರಲ್ಲಿ ಪ್ಯಾರಿಸ್ಸಿನ ರುಚಿ ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಬರ್ನೆ ಮತ್ತು ಶಾರ್ಡನೆ ಎಂಬ ಡ್ರೈ ವೈನುಗಳು ಫ್ರೆಂಚ್ ವೈನುಗಳನ್ನು ಹಿಂದಿಕ್ಕಿದ ಮೇಲಂತೂ ಡ್ರೈ ವೈನೇ ಅಭಿರುಚಿಯ ಅಳತೆಗೋಲಾಯಿತು. ಇತ್ತ, ಯುದ್ಧಕಾಲದ ಸಕ್ಕರೆ ಪಡಿತರ 1947ರಲ್ಲಿ ಮುಗಿದು, ಹ್ಯಾಲೊವೀನಿನಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಹಣ್ಣು, ಬೀಜ, ಮನೆಯ ತಿಂಡಿಗಳ ಜಾಗವನ್ನು ಪೊಟ್ಟಣದ ಮಿಠಾಯಿ ಹಿಡಿದಿತ್ತು. ಮಿಠಾಯಿ ಬಟ್ಟಲಿನ ಪಕ್ಕ ವೈನ್ ಮತ್ತೆ ಬಂದಾಗ ಮನೆಯಲ್ಲಿದ್ದ ಬಾಟಲಿ ಡ್ರೈ ವೈನಿನದು.

ತೊಡಕಿರುವುದು ಇಲ್ಲೇ. ಹಾಲಿನ ಚಾಕೊಲೇಟಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಸಕ್ಕರೆ. ಅದನ್ನು ತಿಂದ ಬಾಯಿಗೆ ಕ್ಯಾಬರ್ನೆ ಬಿದ್ದರೆ ವೈನಿನ ಹಣ್ಣಿನ ರುಚಿ ಅಡಗಿ, ಹುಳಿ ಮತ್ತು ಒಗರು ಮುಂದೆ ಬರುತ್ತವೆ. ಆದ್ದರಿಂದಲೇ ತಿನಿಸಿಗಿಂತ ವೈನ್ ಕಡಿಮೆ ಸಿಹಿಯಾಗಿರಬಾರದು ಎಂಬ ನಿಯಮ ಹುಟ್ಟಿದ್ದು. ಪೋರ್ಚುಗಲ್‌ನ ಪೋರ್ಟ್ ವೈನ್ ತಯಾರಿಸುವಾಗ ಹುದುಗು ಪೂರ್ತಿಯಾಗುವ ಮೊದಲೇ ದ್ರಾಕ್ಷಿಯ ಮದ್ಯಸಾರ ಸುರಿದು ಹುದುಗನ್ನು ನಿಲ್ಲಿಸುತ್ತಾರೆ. ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಹಾಗೇ ಉಳಿಯುತ್ತದೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದ ಟಾನಿ ಪೋರ್ಟಿಗೆ ಗಾಳಿಯ ಸಂಪರ್ಕದಿಂದ ಹುರಿದ ಬೀಜದ ಪರಿಮಳ ಕೂಡುತ್ತದೆ. ಉಪ್ಪುಪ್ಪಾದ ಕಡಲೆಕಾಯಿ ಬೆಣ್ಣೆಯ ಜೊತೆ ಅದು ಸಲೀಸಾಗಿ ಬೆರೆಯುವುದು ಇದರಿಂದಲೇ. ಕ್ಯಾಂಡಿ ಕಾರ್ನ್ ಬೇರೇನೂ ಇಲ್ಲದ ಬರೀ ಸಿಹಿ. ಅದಕ್ಕೆ ಇಟಲಿಯ ಮೊಸ್ಕಾತೊ ದಾಸ್ತಿಯಂತೆ ಸಿಹಿಯ ಜೊತೆ ಹುಳಿ ಮತ್ತು ನೊರೆ ಇರುವ ವೈನ್ ಒಪ್ಪುತ್ತದೆ. ಹುಳಿಪುಡಿಯಲ್ಲಿ ಹೊರಳಿಸಿದ ಮಿಠಾಯಿಯ ಮುಂದೆ ಮಾತ್ರ ಯಾವ ವೈನೂ ಸಪ್ಪೆ.

ಈ ಹ್ಯಾಲೊವೀನ್ ಪಟ್ಟಿಗಳೆಲ್ಲ ವ್ಯಾಪಾರಿಗಳ ತಂತ್ರ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪೋರ್ಟ್ ಬೆಳೆದದ್ದೂ ವ್ಯಾಪಾರದಿಂದಲೇ, 1703ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ ಕೊಟ್ಟ ಕುಮ್ಮಕ್ಕಿನಿಂದ. ಒಂದು ರುಚಿ ಸಂತೆಯಿಂದ ಬಂತೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಮಕ್ಕಳ ಹಬ್ಬಕ್ಕೆ ಮದ್ಯ ತರಬಾರದು ಎಂಬ ಆಕ್ಷೇಪ ಇನ್ನೂ ತೂಕದ್ದು. ಮಿಠಾಯಿಯ ರುಚಿ, ಬಣ್ಣ ಹಚ್ಚಿ ಮಾರುವ ಮದ್ಯವನ್ನು ವಿರೋಧಿಸಲೇಬೇಕು, ಏಕೆಂದರೆ ಅದು ಮಕ್ಕಳಿಗೂ ಮದ್ಯಕ್ಕೂ ನಡುವಿನ ಗೆರೆಯನ್ನು ಅಳಿಸುತ್ತದೆ. ಮಕ್ಕಳು ಮಲಗಿದ ಮೇಲೆ ದೊಡ್ಡವರು ಬೇರೆ ಗ್ಲಾಸಿನಲ್ಲಿ ಕುಡಿಯುವ ವೈನ್ ಆ ಗೆರೆಯನ್ನು ಉಳಿಸಿಕೊಳ್ಳುತ್ತದೆ. ಇನ್ನು ಆರೋಗ್ಯ. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪೋರ್ಟಿನಲ್ಲಿ ಮದ್ಯಸಾರ ಶೇ 20ರಷ್ಟಿದ್ದು, ಸಿಹಿ ಅದನ್ನು ಮರೆಮಾಚುತ್ತದೆ. ಕುಡಿಯದವರು ಇದಕ್ಕಾಗಿ ಕುಡಿತ ಶುರುಮಾಡುವ ಅಗತ್ಯ ಖಂಡಿತ ಇಲ್ಲ.

ಸಿಹಿ ವೈನನ್ನು ಕೀಳಾಗಿ ನೋಡುವುದು ನಮ್ಮಲ್ಲೂ ಇದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಪೋರ್ಟ್ ಮಾದರಿಯ ವೈನ್ ಎಂದರೆ ಅನೇಕರಿಗೆ ತಾತ್ಸಾರ. ಆದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಕುಸ್ವಾರ್‌ನ ನೆವ್ರಿ, ಕಿಡಿಯೊ, ಗುಳಿಯೊ ತಿಂಡಿಗಳ ಜೊತೆ ಮನೆಯಲ್ಲೇ ಮಾಡಿದ ಸಿಹಿ ದ್ರಾಕ್ಷಿ ವೈನ್ ಇಡುವ ರೂಢಿ ಯಾವ ಪಟ್ಟಿಯ ನೆರವೂ ಇಲ್ಲದೆ ನಡೆದುಬಂದಿದೆ. ಹಬ್ಬದ ಮಿಠಾಯಿಗೆ ವೈನ್ ಹುಡುಕುವವರು ದುಬಾರಿ ಡ್ರೈ ಬಾಟಲಿಯನ್ನು ಊಟಕ್ಕೆ ಉಳಿಸಿಕೊಳ್ಳಲಿ. ಮಿಠಾಯಿಯ ಪಕ್ಕಕ್ಕೆ ಸಿಹಿ ವೈನೇ ಸರಿ, ಅದೂ ಚಿಕ್ಕ ಗ್ಲಾಸಿನಲ್ಲಿ.