ಘಟ್ಟದ ಮೇಲೂ ಕೆಳಗೂ ಒಬ್ಬರೇ ಸಂಸದರು

ಸಿದ್ದಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅಜ್ಜರೊಬ್ಬರು ಗೋಡೆಯ ಗೂಟಕ್ಕೆ ತೂಗಹಾಕಿದ್ದ ಪ್ಲಾಸ್ಟಿಕ್ ಕೊಟ್ಟೆ ಇಳಿಸಿ ನನ್ನ ಮುಂದೆ ಬಿಚ್ಚಿದರು. ಹಳೆಯ ರೇಷನ್ ಕಾರ್ಡು, ಮನೆ ತೆರಿಗೆಯ ರಶೀದಿಗಳು, ಜಿಪಿಎಸ್ ಸರ್ವೆಯ ನಕ್ಷೆ, ಅರಣ್ಯ ಹಕ್ಕು ಸಮಿತಿಗೆ ಕೊಟ್ಟ ಅರ್ಜಿಯ ಜೆರಾಕ್ಸ್. ಮಳೆಗಾಲದ ತೇವಕ್ಕೆ ಕೆಲವು ಒಂದಕ್ಕೊಂದು ಅಂಟಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸುತ್ತಲೇ ಕೇಳಿದರು: “ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ ತಮಾ, ಎಪ್ಪತ್ತೈದು ವರ್ಷದ ಕಾಗದ ಎಲ್ಲಿಂದ ತರೋದು?”

ಆ ಎಪ್ಪತ್ತೈದರ ಷರತ್ತು ಕಾರವಾರದಲ್ಲಿ ಹುಟ್ಟಿದ್ದಲ್ಲ, ಬೆಂಗಳೂರಿನಲ್ಲೂ ಅಲ್ಲ. ಸಂಸತ್ತು 2006ರಲ್ಲಿ ಮಾಡಿದ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅದಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕಟ್ಟದೆ ಹೊಲ ಮನೆ ಕಳೆದುಕೊಂಡರು. ಅಂಥ ನೆಲದಲ್ಲಿ ನಿಂತು ಆ ಕಾಲದ ದಾಖಲೆ ತನ್ನಿ ಎನ್ನುವುದು ನನಗೆ ಸಂಕಟದ ಮಾತಾಗಿ ಕಾಣುತ್ತದೆ. ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವಾಗುತ್ತದೆಂದು ನಿಯಮವೇ ಹೇಳುತ್ತದೆ. ಆದರೂ ಜನ ಕೊಟ್ಟೆ ಹಿಡಿದು ಅಲೆಯುವುದು ತಪ್ಪಿಲ್ಲ.

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ವಿಶೇಷವೇ ಇದು. ಇಲ್ಲಿನ ಜನರ ದೊಡ್ಡ ದೊಡ್ಡ ಗಂಟುಗಳನ್ನೆಲ್ಲ ದಿಲ್ಲಿಯೇ ಬಿಚ್ಚಬೇಕು. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕಾದರೆ ಸಂಸತ್ತು ಕಾನೂನು ಮಾಡಬೇಕು. ಆ ಸಮುದಾಯದ ಸುಕ್ರಿ ಬೊಮ್ಮಗೌಡರಿಗೂ ತುಳಸಿ ಗೌಡರಿಗೂ ಪದ್ಮಶ್ರೀ ಬಂತು, ಇಬ್ಬರೂ ತೀರಿಕೊಂಡರು, ಅವರ ಜನರ ಬೇಡಿಕೆ ಹಾಗೇ ಉಳಿದಿದೆ. ಸಿದ್ದಿಗಳು 2003ರಲ್ಲಿ ಪಟ್ಟಿ ಸೇರಿದರು. ಆದರೆ ಉತ್ತರ ಕನ್ನಡದವರು ಮಾತ್ರ. ಗಡಿಯಾಚೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅವರದೇ ಬಂಧುಗಳು 2020ರವರೆಗೆ ಕಾಯಬೇಕಾಯಿತು. ಕೈಗಾದ ಅಣುಸ್ಥಾವರ, 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಮತ್ತು ಅದಕ್ಕಾಗಿ ಊರು ಬಿಟ್ಟ ನಿರಾಶ್ರಿತರು, ಹೆದ್ದಾರಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಖಾನಾಪುರದ ಕಾಡಿನ ಮಹದಾಯಿ ನದಿನೀರಿನ ಜಗಳ, ಎಲ್ಲದರಲ್ಲೂ ಕೇಂದ್ರದ ಕೈಯಿದೆ.

ಹುಬ್ಬಳ್ಳಿ–ಅಂಕೋಲಾ ರೈಲಿನ ವಿಷಯದಲ್ಲಂತೂ ಕ್ಷೇತ್ರವೇ ಎರಡು ಮನಸ್ಸಾಗಿದೆ. ತೊಂಬತ್ತರ ದಶಕದಲ್ಲಿ ಮಂಜೂರಾದ ಹಳಿ ಇನ್ನೂ ಸಮುದ್ರ ಮುಟ್ಟಿಲ್ಲ. ರೈಲು ಬೇಕೆನ್ನುವವರೂ ಇಲ್ಲಿನವರೇ, ಘಟ್ಟ ಸೀಳಬೇಡಿ ಎನ್ನುವವರೂ ಇಲ್ಲಿನವರೇ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿಗೆ ಕುಸಿದದ್ದನ್ನು ಕಂಡ ಮೇಲೆ ಎರಡನೆಯವರ ಭಯವನ್ನು ಹಗುರಾಗಿ ತಳ್ಳಿಹಾಕಲು ನನ್ನಿಂದಾಗದು.

ಹರವು ನೋಡಿ. ಭಟ್ಕಳ, ಕುಮಟಾ, ಕಾರವಾರ ಕಡಲಿಗೆ. ಶಿರಸಿ, ಯಲ್ಲಾಪುರ ಅಡಿಕೆ ತೋಟ, ಕಾಡಿಗೆ. ಹಳಿಯಾಳ ದಾಟಿದರೆ ಬೆಳಗಾವಿ ಜಿಲ್ಲೆಯ ಮರಾಠಿ ಮಾತಿನ ಖಾನಾಪುರ, ಬಯಲಿನ ಕಿತ್ತೂರು. ಎಂಟು ವಿಧಾನಸಭಾ ಕ್ಷೇತ್ರ, 16 ಲಕ್ಷಕ್ಕೂ ಹೆಚ್ಚು ಮತದಾರರು. ನಡುವೆ ಅಣಶಿ, ಅರಬೈಲ್, ದೇವಿಮನೆ ಘಟ್ಟಗಳು. ಸಂಸದರ ನಿಧಿಯ ವರ್ಷದ 5 ಕೋಟಿಯನ್ನು ಎಂಟಕ್ಕೆ ಹಂಚಿದರೆ ತಲಾ 62 ಲಕ್ಷ ಚಿಲ್ಲರೆ. ಮಳೆಗೆ ಸಂಪರ್ಕ ಕಡಿದುಹೋಗುವ ಊರುಗಳ ನಾಡಿನಲ್ಲಿ ಅದು ಎಷ್ಟು ಕಾಲುಸಂಕಕ್ಕೆ ಸಾಕು? ಸಂಸದರ ನಿಜವಾದ ಬಂಡವಾಳ ಲೋಕಸಭೆಯಲ್ಲಿ ಎದ್ದು ಕೇಳುವ ಪ್ರಶ್ನೆ.

ಕೇಳಬಲ್ಲವರನ್ನು ಈ ಕ್ಷೇತ್ರ ಕಂಡಿದೆ. ಮುಂಬೈ ರಾಜ್ಯದಲ್ಲಿದ್ದಾಗ, 1952ರಲ್ಲಿ, ಕೆನರಾ ಹೆಸರಿನ ಈ ಕ್ಷೇತ್ರದಿಂದ ಗೆದ್ದವರು ಪತ್ರಕರ್ತ ಜೋಕಿಂ ಆಳ್ವ. ಸತತ ಮೂರು ಸಲ ಗೆದ್ದರು. 1999ರಲ್ಲಿ ಅದೇ ಕ್ಷೇತ್ರದಿಂದ ಅವರ ಸೊಸೆ ಮಾರ್ಗರೇಟ್ ಆಳ್ವ ಆಯ್ಕೆಯಾದರು. ನಡುವೆ 1967ರಲ್ಲಿ ಪಕ್ಷೇತರರಾಗಿ ಗೆದ್ದವರು ದಿನಕರ ದೇಸಾಯಿ. ಚುಟುಕದ ಕವಿ, ರೈತರ ಪರ ಹೋರಾಡಿದವರು, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಬಡಮಕ್ಕಳಿಗೆ ಶಾಲೆ ಕೊಟ್ಟವರು. ಪಕ್ಷದ ಚಿಹ್ನೆಯಿಲ್ಲದೆ ಇಷ್ಟು ದೊಡ್ಡ ಕ್ಷೇತ್ರ ಗೆಲ್ಲಬೇಕಾದರೆ ಜನ ಮನುಷ್ಯನನ್ನೇ ನೋಡಿ ವೋಟು ಹಾಕಿದ್ದರು. ಕೈಗಾ ವಿರೋಧಿಸಿ 1989ರಲ್ಲಿ ನಿಂತ ಶಿವರಾಮ ಕಾರಂತರು ಸೋತರು. ಆದರೂ ಆ ಚುನಾವಣೆಯಲ್ಲಿ ಅಣುವಿನ ಅಪಾಯ ಮತಯಾಚನೆಯ ವಿಷಯವಾಯಿತು. 1996ರಿಂದ ಈಚೆಗೆ 1999 ಒಂದನ್ನು ಬಿಟ್ಟರೆ ಪ್ರತಿ ಸಲವೂ ಬಿಜೆಪಿಯೇ ಗೆದ್ದಿದೆ: ಆರು ಬಾರಿ ಅನಂತಕುಮಾರ ಹೆಗಡೆ, 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ. ಯಾವ ಪಕ್ಷದ ಸಂಸದರಾದರೂ ಸರಿ, ಗೆಲುವಿನ ಅಂತರ ಲಕ್ಷಗಳಿಗೆ ಏರಿದಾಗ ಕೊಟ್ಟೆಯೊಳಗಿನ ಅರ್ಜಿ ಹಿಂದೆ ಸರಿಯುತ್ತದೆ ಎಂಬುದು ನನ್ನ ಆತಂಕ.

ಇನ್ನೊಂದು ಆತಂಕ ಕ್ಷೇತ್ರ ಮರುವಿಂಗಡಣೆಯದು. ಕಾಗೇರಿಯವರು ಶಾಸಕರಾಗಿ ಮೊದಲು ಮೂರು ಸಲ ಗೆದ್ದದ್ದು ಅಂಕೋಲಾ ಕ್ಷೇತ್ರದಿಂದ. ಆ ಹೆಸರಿನ ಕ್ಷೇತ್ರವೇ ಈಗಿಲ್ಲ, 2008ರ ಮರುವಿಂಗಡಣೆಯಲ್ಲಿ ಹೋಯಿತು. ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಅಂಕೋಲಾ ತಾಲೂಕು ಕಾರವಾರದ ಜೊತೆ ಸೇರಿತು. ಜನಸಂಖ್ಯೆಯೊಂದನ್ನೇ ಅಳತೆಗೋಲು ಮಾಡಿದರೆ ಮುಂದಿನ ಮರುವಿಂಗಡಣೆಯಲ್ಲಿ ಕಾಡಿನ ತಾಲೂಕುಗಳ ಕ್ಷೇತ್ರ ಇನ್ನಷ್ಟು ಹಿಗ್ಗೀತು. ಜೋಯಿಡಾದ ಒಂಟಿ ಮನೆಗಳಿಗೆ ಸಂಸದರು ಇನ್ನೂ ದೂರವಾಗುತ್ತಾರೆ.

ಅಜ್ಜರು ಕಾಗದಗಳನ್ನು ಒಂದೊಂದಾಗಿ ಮಡಚಿ, ಕೊಟ್ಟೆಯ ಬಾಯಿಗೆ ಬಾಳೆಹಗ್ಗ ಬಿಗಿದರು. ಮತ್ತೆ ಗೂಟಕ್ಕೆ ಸಿಕ್ಕಿಸುವ ಮೊದಲು, ಸಂಸದರಿಗೆ ಕೊಡಬೇಕಾದರೆ ಶಿರಸಿಗೆ ಹೋಗಬೇಕೋ ಕಾರವಾರಕ್ಕೋ ಎಂದು ವಿಚಾರಿಸಿದರು.