ದ್ರಾವಾ ಕಣಿವೆಯ ನಿಶ್ಶಬ್ದ ಪಥ

ಪರ್ವತಪ್ರಾಂತವೆಂದೊಡನೆ ಸೈಕಲ್ ಸವಾರನಿಗೆ ನೆನಪಾಗುವುದು ಏರು, ಏದುಸಿರು, ದಣಿದ ಕಾಲು. ಆದರೆ ಆ ಪ್ರಾಂತದೊಳಗೆ ನದಿಯೊಂದು ಹರಿಯುತ್ತಿದ್ದರೆ, ಅದು ಸಹಸ್ರಾರು ವರ್ಷಗಳ ಕಾಲ ಬಂಡೆಯನ್ನು ಕೊರೆದು, ಮರಳು ಜಲ್ಲಿಗಳನ್ನು ಹಾಸಿ, ಆ ಸೀಮೆಯಲ್ಲಿ ಸಾಧ್ಯವಾದಷ್ಟೂ ಸೌಮ್ಯವಾದ ಇಳಿಜಾರನ್ನು ಮನುಷ್ಯನು ಕೇಳುವುದಕ್ಕೆ ಮೊದಲೇ ಸಿದ್ಧಪಡಿಸಿಟ್ಟಿರುತ್ತದೆಂಬುದನ್ನು ಅವನು ಮರೆಯುತ್ತಾನೆ. ಸವಾರ, ಸೈಕಲ್ಲು, ಸಾಮಾನು ಎಲ್ಲವೂ ಸೇರಿ ನೂರು ಕಿಲೋಗ್ರಾಮ್ ತೂಗುತ್ತವೆಂದಿಟ್ಟುಕೊಳ್ಳೋಣ. ಗಂಟೆಗೆ 10 ಕಿ.ಮೀ. ವೇಗದಲ್ಲಿ ನೂರಕ್ಕೆ ಐದರ ಏರನ್ನು ಹತ್ತಬೇಕಾದರೆ, ಗಾಳಿಯ ಮತ್ತು ನೆಲದ ತಡೆಯನ್ನು ಬಿಟ್ಟು, ಭೂಮಿಯ ಸೆಳೆತವನ್ನು ಗೆಲ್ಲುವುದಕ್ಕೇ ಸುಮಾರು 136 ವಾಟ್ ಶಕ್ತಿ ವ್ಯಯವಾಗುತ್ತದೆ. ಏರು ನೂರಕ್ಕೆ ಒಂದೇ ಆಗಿದ್ದರೆ 27 ವಾಟ್ ಸಾಕು. ಮೊದಲನೆಯದನ್ನು ಸಾಮಾನ್ಯ ಆರೋಗ್ಯವುಳ್ಳವನು ಸ್ವಲ್ಪ ಹೊತ್ತು ನಿಭಾಯಿಸಿಯಾನು. ಎರಡನೆಯದನ್ನು ಜೊತೆಗಾರರೊಡನೆ ಮಾತಾಡುತ್ತ ಸಂಜೆಯವರೆಗೂ ಸಾಗಿಸಬಲ್ಲನು.

ಹಾಗಿದ್ದರೂ ಇಳಿಜಾರು ಸೌಮ್ಯವಾಗಿರುವುದೊಂದರಿಂದಲೇ ಪಥವು ಪ್ರಶಾಂತವಾಗುವುದಿಲ್ಲ. ನದಿಯು ಮಾಡಿಕೊಟ್ಟ ದಾರಿ ಸೈಕಲ್ಲಿಗೆ ಹೇಗೆ ಅನುಕೂಲವೋ ರೈಲಿಗೂ ಲಾರಿಗೂ ಹಾಗೆಯೇ ಅನುಕೂಲ. ಆದುದರಿಂದ ಇಕ್ಕಟ್ಟಾದ ಕಣಿವೆಯ ತಳದಲ್ಲಿ ಇವೆಲ್ಲವೂ ಒಂದರ ಮಗ್ಗುಲಲ್ಲೊಂದು ನುಗ್ಗುತ್ತವೆ. ಅಂತಹ ಕಡೆಯಲ್ಲಿ ಸದ್ದಿಲ್ಲದ ದಾರಿ ಹೇಗೆ ಉಳಿಯಿತು, ಅಥವಾ ಹೇಗೆ ಹುಟ್ಟಿತು ಎಂಬುದನ್ನು ಅರಿಯಲು ಆಲ್ಪ್ಸ್ ಪರ್ವತಗಳ ದಕ್ಷಿಣ ಮಗ್ಗುಲಿನ ದ್ರಾವಾ ನದಿಗಿಂತ ಒಳ್ಳೆಯ ನಿದರ್ಶನ ಸಿಕ್ಕದು. ಜರ್ಮನ್ ಭಾಷೆಯವರು ಡ್ರೌ ಎಂದು ಕರೆಯುವ ಈ ನದಿ ಇಟಲಿಯಲ್ಲಿ ಹುಟ್ಟಿ, ಆಸ್ಟ್ರಿಯ ಮತ್ತು ಸ್ಲೊವೇನಿಯಗಳನ್ನು ದಾಟಿ, 700 ಕಿ.ಮೀ.ಗೂ ಹೆಚ್ಚು ದೂರ ಹರಿದು ಕ್ರೊಯೇಷಿಯದ ಓಸಿಯೆಕ್ ಪಟ್ಟಣದ ಬಳಿ ಡ್ಯಾನ್ಯೂಬನ್ನು ಸೇರುತ್ತದೆ. ಇದರ ಬದಿಯ ಸೈಕಲ್ ಪಥವು ಇಟಲಿಯ ಟೋಬ್ಲಾಖ್‌ನಿಂದ ಸ್ಲೊವೇನಿಯದ ಮಾರಿಬೋರ್‌ವರೆಗೆ 366 ಕಿ.ಮೀ. ಎಂದು ಬಹುಕಾಲ ಎಣಿಕೆಯಲ್ಲಿತ್ತು. ಅನಂತರ ಅದನ್ನು ಕ್ರೊಯೇಷಿಯದ ಒಳಕ್ಕೂ ಬೆಳೆಸಿದರು.

ಟೋಬ್ಲಾಖ್ ಸಮುದ್ರಮಟ್ಟದಿಂದ ಸುಮಾರು 1,240 ಮೀಟರ್ ಎತ್ತರದ ಒಂದು ಜಲವಿಭಾಜಕ ಸ್ಥಳ. ಆದರೂ ಅಲ್ಲಿ ಶಿಖರವಾಗಲಿ ಕಡಿದಾದ ಘಟ್ಟವಾಗಲಿ ಕಾಣದು. ಹುಲ್ಲುಗಾವಲಿನ ಅಗಲವಾದ ಬಯಲಿನಲ್ಲಿ, ಕಣ್ಣಿಗೆ ಗೋಚರವಾಗದಷ್ಟು ಸಣ್ಣ ಉಬ್ಬಿನ ಈಚೆಗೆ ರಿಯೆಂತ್ಸ್ ಹೊಳೆ ಪಶ್ಚಿಮಕ್ಕೆ ತಿರುಗಿ ಆದಿಜೆ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ, ಆಚೆಗೆ ದ್ರಾವಾ ಪೂರ್ವಕ್ಕೆ ತಿರುಗಿ ಕಪ್ಪು ಸಮುದ್ರದ ಹಾದಿ ಹಿಡಿಯುತ್ತದೆ. ಸಂಗೀತಕಾರನಾದ ಗುಸ್ಟಾವ್ ಮಾಹ್ಲರನು 1908ರಿಂದ 1910ರವರೆಗಿನ ಬೇಸಗೆಗಳನ್ನು ಇಲ್ಲಿಯ ಒಂದು ತೋಟದ ಮನೆಯಲ್ಲಿ ಕಳೆದು, ಸಮೀಪದ ಮರದ ಗುಡಿಸಲಿನಲ್ಲಿ ಕುಳಿತು ತನ್ನ ಕೊನೆಯ ಮಹಾಕೃತಿಗಳನ್ನು ರಚಿಸಿದನು. ಸದ್ದಿನಿಂದ ದೂರವಿರಬೇಕೆಂಬುದೇ ಆ ಗುಡಿಸಲಿನ ಉದ್ದೇಶ.

ಈಗಿನ ಬೇಸಗೆಯಲ್ಲಿ ಅದೇ ಊರಿನಿಂದ ಹೊರಡುವ ಪಥದಲ್ಲಿ ಮೌನವನ್ನು ಅರಸಿದವನಿಗೆ ನಿರಾಶೆಯೇ ಆದೀತು. ಟೋಬ್ಲಾಖ್‌ನಿಂದ ಆಸ್ಟ್ರಿಯದ ಲೀಂಟ್ಸ್‌ವರೆಗಿನ ಸುಮಾರು 45 ಕಿ.ಮೀ.ಗಳಲ್ಲಿ ದಾರಿ ಐನೂರು ಮೀಟರಿಗೂ ಮಿಕ್ಕು ಇಳಿಯುತ್ತದೆ. ಪೆಡಲನ್ನು ಹೆಚ್ಚು ತುಳಿಯದೆ ಬೇರೊಂದು ದೇಶಕ್ಕೆ ಹೋಗಿ, ಹಿಂದಿರುಗುವಾಗ ಸೈಕಲ್ಲನ್ನೂ ಏರಿಸಿಕೊಳ್ಳುವ ರೈಲಿನಲ್ಲಿ ಕುಳಿತು ಬರಬಹುದಾದ್ದರಿಂದ, ಬಾಡಿಗೆಯ ಸೈಕಲ್ಲುಗಳನ್ನೇರಿದ ಇಟಲಿಯ ಸಂಸಾರಗಳು ಹಸುಳೆಗಳಿಂದ ಹಿಡಿದು ಅಜ್ಜಿಯಂದಿರವರೆಗೆ ಸಾಲುಗಟ್ಟಿ ಇಳಿಯುತ್ತವೆ. ಮೋಟಾರು ಇಲ್ಲ, ನಿಜ. ಆದರೆ ಮೋಟಾರು ಇಲ್ಲದಿರುವುದೂ ನಿಶ್ಶಬ್ದವೂ ಒಂದೇ ಅಲ್ಲವೆಂಬುದು ಜುಲೈ ಆಗಸ್ಟುಗಳಲ್ಲಿ ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಆ ರೈಲುದಾರಿಯೇನೋ 1871ರಲ್ಲಿ ಒಂದೇ ಸಾಮ್ರಾಜ್ಯದೊಳಗೆ ಹಾಕಿದುದು; ಮೊದಲನೆಯ ಮಹಾಯುದ್ಧದ ತರುವಾಯ ಟೋಬ್ಲಾಖ್ ಇರುವ ದಕ್ಷಿಣ ಟಿರೋಲ್ ಪ್ರಾಂತವು ಇಟಲಿಯ ಪಾಲಾದಾಗ ಅದರ ನಡುವೆ ಗಡಿ ಬಿತ್ತು.

ಲೀಂಟ್ಸ್ ದಾಟಿದ ಮೇಲೆ ಜನ ತೆಳುವಾಗುತ್ತಾರೆ, ಕಣಿವೆ ಅಗಲವಾಗುತ್ತದೆ. ಊರಿನ ಹೊರವಲಯದಲ್ಲಿ ಅಗುಂಟುಮ್ ಎಂಬ ರೋಮನ್ ಪಟ್ಟಣದ ಅವಶೇಷಗಳಿವೆ. ಇಲ್ಲಿಂದ ಫಿಲ್ಲಾಖ್‌ವರೆಗಿನ ನೂರಕ್ಕೂ ಹೆಚ್ಚು ಕಿಲೋಮೀಟರುಗಳಲ್ಲಿ ನದಿ ಇಳಿಯುವುದು ಇನ್ನೂರು ಮೀಟರಿಗಿಂತಲೂ ಕಡಿಮೆ; ಅಂದರೆ ಸವಾರನ ಪಾಲಿಗೆ ಅದು ಸಮತಟ್ಟೇ ಸರಿ. ಪಥವು ಬಹುಭಾಗ ನದಿಯ ಏರಿಯ ಮೇಲೆಯೋ ಅದರ ಬುಡದಲ್ಲಿಯೋ ಸಾಗುತ್ತದೆ. 1965 ಮತ್ತು 1966ರಲ್ಲಿ ಮೇಲ್ಕಣಿವೆಯನ್ನೆಲ್ಲ ಮುಳುಗಿಸಿದ ಮಹಾಪೂರಗಳ ಅನಂತರ ಪ್ರವಾಹವನ್ನು ತಡೆಯುವ ಕೆಲಸಗಳು ದೊಡ್ಡ ಪ್ರಮಾಣದಲ್ಲಿ ನಡೆದವು. ಏರಿ ಇದ್ದ ಮೇಲೆ ಅದನ್ನು ನೋಡಿಕೊಳ್ಳುವವರ ಬಂಡಿಗೆ ದಾರಿ ಬೇಕು; ಆ ದಾರಿಯಲ್ಲಿ ಮಿಕ್ಕವರ ವಾಹನಗಳಿಗೆ ಪ್ರವೇಶವಿಲ್ಲ. ಪೂರದ ಭಯದಿಂದ ಹುಟ್ಟಿದ ಇಂತಹ ಖಾಲಿ ದಾರಿಗಳೇ ಸೈಕಲ್ಲಿನವರಿಗೆ ಒದಗಿಬಂದ ಆಸ್ತಿ. ನೇರವಾಗಿ ಕಟ್ಟಿಹಾಕಿದ ನದಿ ತನ್ನ ತಳವನ್ನೇ ಕೊರೆದುಕೊಂಡು ಆಳಕ್ಕಿಳಿಯತೊಡಗಿದ್ದರಿಂದ, 1999ರ ಬಳಿಕ ಐರೋಪ್ಯ ಒಕ್ಕೂಟದ ನೆರವಿನಿಂದ ಅಲ್ಲಲ್ಲಿ ಪಾತ್ರವನ್ನು ಮತ್ತೆ ಅಗಲಿಸಿ, ಜಲ್ಲಿಯ ದಿಬ್ಬಗಳೂ ಕವಲುಗಳೂ ಏರ್ಪಡುವಂತೆ ಮಾಡಿದ್ದಾರೆ.

ಷ್ಪಿಟ್ಟಾಲ್ ಪಟ್ಟಣದಿಂದ ಕೆಳಗೆ ಮತ್ತೊಂದು ಕಾರಣವೂ ಕೂಡಿಕೊಳ್ಳುತ್ತದೆ. ಉತ್ತರದ ಸಾಲ್ಜ್‌ಬುರ್ಗ್‌ನಿಂದ ಪರ್ವತಗಳನ್ನು ಸುರಂಗಗಳ ಮೂಲಕ ದಾಟಿ ಬರುವ ಟೌವೆರ್ನ್ ಹೆದ್ದಾರಿ ಈ ಭಾಗದಲ್ಲಿ ಕಣಿವೆಯನ್ನು ಹೊಕ್ಕು, ದೂರ ಹೋಗುವ ಭಾರಿ ವಾಹನಗಳನ್ನೆಲ್ಲ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಹೆದ್ದಾರಿಯ ಗದ್ದಲವನ್ನು ಶಪಿಸುವ ಸವಾರನು ಹಳ್ಳಿಯಿಂದ ಹಳ್ಳಿಗೆ ಹೋಗುವ ಹಳೆಯ ರಸ್ತೆ ತನಗೆ ಬಿಡುವಾಗಿ ಸಿಕ್ಕುತ್ತಿರುವುದು ಅದರಿಂದಲೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನನ್ನ ಎಣಿಕೆಯಲ್ಲಿ ದ್ರಾವಾ ಪಥದ ಉತ್ತಮಭಾಗವು ಫಿಲ್ಲಾಖ್‌ನಿಂದ ಮುಂದಿನ ರೋಜೆಂಟಾಲ್ ಕಣಿವೆ. ಬಲಗಡೆಗೆ ಕಾರಾವಾಂಕೆನ್ ಪರ್ವತಗಳ ಸುಣ್ಣಗಲ್ಲಿನ ಗೋಡೆ, ಅದರಾಚೆಗೆ ಸ್ಲೊವೇನಿಯ. ಎಡಗಡೆಗೆ ಕಾಡು ತುಂಬಿದ ತಗ್ಗು ಗುಡ್ಡಗಳು. ನಡುವೆ ಹಸಿರು ಬಣ್ಣದ, ಅಲುಗಾಡದ ನೀರು. ಅಲುಗಾಡದಿರುವುದೇಕೆಂದರೆ ಫಿಲ್ಲಾಖ್‌ನ ಮೇಲ್ಗಡೆಯ ಪಾಟರ್ನಿಯೋನ್‌ನಿಂದ ಗಡಿಯ ಸಮೀಪದ ಲಾವಾಮುಂಡ್‌ವರೆಗೆ ಹತ್ತು ಜಲವಿದ್ಯುದಾಗಾರಗಳು ಈ ನದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದಿವೆ. ಪ್ರಕೃತಿಪ್ರಿಯರಿಗೆ ಇದು ರುಚಿಸದಿರಬಹುದು, ರುಚಿಸಬೇಕೆಂದು ನಾನೂ ವಾದಿಸುವುದಿಲ್ಲ. ಆದರೆ ಅಣೆಕಟ್ಟೆಗಳ ಹಿಂದಿನ ಉದ್ದವಾದ ಏರಿಗಳ ಮೇಲೆ ತಾಸುಗಟ್ಟಲೆ ಹೋದರೂ ಎದುರಾಗುವವರು ಹಂಸಗಳನ್ನು ನೋಡಲು ಬಂದ ಒಬ್ಬಿಬ್ಬರು ಮಾತ್ರ. ಹಲವು ಹಳ್ಳಿಗಳ ಹೆಸರುಹಲಗೆಗಳು ಇಲ್ಲಿ ಜರ್ಮನ್ ಮತ್ತು ಸ್ಲೊವೇನ್ ಎರಡು ಭಾಷೆಗಳಲ್ಲಿವೆ. ಫೆರ್ಲಾಖ್ ಎಂಬ ಬಂದೂಕು ತಯಾರಕರ ಊರಿಗೆ ಸ್ಲೊವೇನ್ ಭಾಷೆಯಲ್ಲಿ ಬೊರೊವ್ಲ್ಯೆ ಎಂದು ಹೆಸರು. 1920ರ ಅಕ್ಟೋಬರ್ 10ರಂದು ನಡೆದ ಜನಮತಗಣನೆಯಲ್ಲಿ ಸ್ಲೊವೇನ್ ಮಾತಾಡುವವರು ಬಹುಸಂಖ್ಯಾತರಾಗಿದ್ದ ಈ ಪ್ರದೇಶವು ನೂರಕ್ಕೆ 59ರಷ್ಟು ಮತಗಳಿಂದ ಆಸ್ಟ್ರಿಯದಲ್ಲಿಯೇ ಉಳಿಯಲು ನಿಶ್ಚಯಿಸಿತು. ಹಾಗೆ ಉಳಿದವರ ಭಾಷೆಯನ್ನು ಊರಹಲಗೆಯ ಮೇಲೆ ಬರೆಯಬೇಕೇ ಬೇಡವೇ ಎಂಬ ಕಲಹವು 1972ರಲ್ಲಿ ಹಲಗೆಗಳನ್ನು ಕಿತ್ತೆಸೆಯುವವರೆಗೂ ಹೋಗಿ, ಇತ್ಯರ್ಥವಾದುದು 2011ರಲ್ಲಿ.

ಇನ್ನೂ ಪೂರ್ವಕ್ಕೆ ಹೋದಂತೆ ನದಿಯು ಜಲ್ಲಿಯ ಬಯಲನ್ನು ಆಳವಾಗಿ ಕೊರೆದುಕೊಂಡಿರುವುದರಿಂದ ಪಥವು ಮೇಲಿನ ಮಟ್ಟಕ್ಕೆ ಏರಿ ಮತ್ತೆ ಇಳಿಯಬೇಕಾಗುತ್ತದೆ. ಚಿಕ್ಕ ಏರುಗಳಾದರೂ ಕಡಿದು. ಅಲ್ಲಿ ನೀರಿನಿಂದ 96 ಮೀಟರ್ ಎತ್ತರದಲ್ಲಿ ಯೌನ್‌ಟಾಲ್ ರೈಲುಸೇತುವೆ ನಿಂತಿದೆ. ಲಾವಾಂಟ್ ಕಣಿವೆಯ ರೈಲು ಯುಗೋಸ್ಲಾವಿಯದ ನೆಲವನ್ನು ಹೊಕ್ಕು ಹೊರಡಬೇಕಾಗಿದ್ದ ತೊಡಕನ್ನು ತಪ್ಪಿಸಲು ಕಟ್ಟಿದುದಿದು; ಹಳಿಗಳ ಕೆಳಗೆ ಕಾಲ್ನಡೆಯವರೂ ಸೈಕಲ್ಲಿನವರೂ ದಾಟುವ ದಾರಿಯೊಂದಿದೆ. ಸ್ಲೊವೇನಿಯದೊಳಗೆ ದ್ರಾವೊಗ್ರಾದ್‌ನಿಂದ ಮಾರಿಬೋರ್‌ವರೆಗೆ ಕಣಿವೆ ಇಕ್ಕಟ್ಟು, ಏರುಗಳು ಹೆಚ್ಚು. 1918ರಿಂದ ವಿದ್ಯುತ್ತು ಕೊಡತೊಡಗಿದ ಫಾಲಾ ಜಲವಿದ್ಯುದಾಗಾರ ಇಲ್ಲಿದೆ. ಮಾರಿಬೋರ್‌ನ ನದಿಯ ದಡದಲ್ಲಿ ನಾನೂರು ವರ್ಷಕ್ಕೂ ಹಳೆಯದಾದ ದ್ರಾಕ್ಷಿಯ ಬಳ್ಳಿಯೊಂದು ಈಗಲೂ ಫಲ ಕೊಡುತ್ತಿದೆ.

ಎರಡು ನದಿಗಳ ದಾರಿಯನ್ನು ಕೂಡಿಸಬಯಸುವವರು ಫಿಲ್ಲಾಖ್‌ನಿಂದ ದಕ್ಷಿಣಕ್ಕೆ ತಿರುಗಿ ತಾರ್ವೀಸಿಯೊ ಮಾರ್ಗವಾಗಿ ಇಟಲಿಯ ಫೆಲ್ಲಾ ನದಿಯ ಕಮರಿಯನ್ನು ಹಿಡಿಯಬಹುದು. 2000ದಲ್ಲಿ ಹೊಸ ಸುರಂಗಗಳ ರೈಲುದಾರಿ ಸಿದ್ಧವಾದೊಡನೆ ಕೈಬಿಟ್ಟ ಹಳೆಯ ರೈಲುದಾರಿಯೇ ಅಲ್ಲಿ ಸೈಕಲ್ ಪಥವಾಗಿದೆ. ಉಗಿಯಂತ್ರಕ್ಕೆ ಏರು ಸಹಿಸದಾದ್ದರಿಂದ ಅದನ್ನು ಹಾಕಿದ ಎಂಜಿನಿಯರುಗಳು ಸೇತುವೆ ಸುರಂಗಗಳಿಂದ ಇಳಿಜಾರನ್ನು ಸರಿದೂಗಿಸಿದ್ದರು. ಅವರ ಶ್ರಮದ ಫಲವನ್ನು ಈಗ ಉಣ್ಣುವವರು ಸವಾರರು.

ಕಣಿವೆಯ ಗಾಳಿಯ ವಿಷಯವಾಗಿ ಒಂದು ಎಚ್ಚರಿಕೆ. ಬಿಸಿಲೇರಿದಂತೆ ಇಳಿಜಾರುಗಳ ಮೇಲಿನ ಗಾಳಿ ಕಾದು ಮೇಲೇಳುವುದರಿಂದ ಹಗಲಿನಲ್ಲಿ ಬಯಲಿನ ಕಡೆಯ ಗಾಳಿಯು ಕಣಿವೆಯನ್ನು ಮೇಲ್ಮುಖವಾಗಿ ಬೀಸುತ್ತದೆ. ರಾತ್ರಿ ಅದು ತಿರುಗಿ ಕೆಳಮುಖವಾಗುತ್ತದೆ. ನೀರಿನೊಡನೆ ಇಳಿಯುವವನಿಗೆ ಮುಂಜಾನೆ ಅನುಕೂಲ, ಮಧ್ಯಾಹ್ನ ಎದುರುಗಾಳಿ. ಬೇಗ ಹೊರಡತಕ್ಕದ್ದು. ಈ ನಾಲ್ಕು ದೇಶಗಳೂ ಷೆಂಗೆನ್ ಒಪ್ಪಂದಕ್ಕೆ ಸೇರಿರುವುದರಿಂದ ನಮ್ಮ ನಾಡಿನಿಂದ ಹೋಗುವವರಿಗೆ ಒಂದೇ ವೀಸಾ ಸಾಕು. ಅಲ್ಲಿ ದಾರಿಯ ಬಲಬದಿಯಲ್ಲಿ ನಡೆಸಬೇಕೆಂಬುದನ್ನು ಮಾತ್ರ, ಅದರಲ್ಲಿಯೂ ತಿರುವುಗಳಲ್ಲಿ, ಮರೆಯಕೂಡದು. ಮೊದಲ 45 ಕಿಲೋಮೀಟರುಗಳ ಖ್ಯಾತಿಗೆ ಮರುಳಾಗಿ ಲೀಂಟ್ಸ್‌ನಿಂದ ರೈಲು ಹತ್ತಿ ಹಿಂದಿರುಗಬೇಡಿ. ರಜೆಯ ಜನ ಮನೆ ಸೇರಿದ ಸೆಪ್ಟೆಂಬರಿನಲ್ಲಿ ಹೋಗಿ, ಫಿಲ್ಲಾಖ್‌ನಿಂದ ಲಾವಾಮುಂಡ್‌ವರೆಗಿನ ಭಾಗಕ್ಕೆ ಹೆಚ್ಚು ದಿನಗಳನ್ನು ಮೀಸಲಿಡಿ.